ಟ್ಯಾಪೆಟ್ ಕವರ್ ರಬ್ಬರ್ ಪ್ಯಾಕಿಂಗ್ ಕೂರ್ತಾನೇ ಇಲ್ಲ, ಹಿಂದಿನ ಮೂಲೇಲಿ ಆಯಿಲ್ ಜಿನುಗ್ತಿದೆ

ಕುವೆಂಪುನಗರ_ಸಿಂಗಲ್:
ಎಲ್ಲರಿಗೂ ನಮಸ್ಕಾರ. ಗಾಡಿ ಹಳೇ 150 ಸಿಸಿ, ಏರ್‌ಕೂಲ್ಡ್, ಸಿಂಗಲ್ ಸಿಲಿಂಡರ್. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ. ಹಾಕಿದ್ರೆ ಮಾತು ಯಾವ ಕಂಪನಿ ಮೇಲು ಅನ್ನೋ ಕಡೆ ಹೊರಟುಹೋಗುತ್ತೆ.

ಮನೇಲೇ ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನ ಒತ್ತೋ ರಾಕರ್‌ಗೂ ನಡುವಿನ ಸಣ್ಣ ಸಂದು) ಸೆಟ್ ಮಾಡಿದೆ, ಅದು ಚೆನ್ನಾಗಿ ಆಯ್ತು, ಟಕಟಕ ಸದ್ದೂ ನಿಂತಿದೆ. ತೊಂದರೆ ಟ್ಯಾಪೆಟ್ ಕವರ್, ಅಂದ್ರೆ ಎಂಜಿನ್ ಹೆಡ್ ಮೇಲೆ ವಾಲ್ವ್‌ಗಳನ್ನ ಮುಚ್ಚೋ ಮುಚ್ಚಳ, ವಾಪಸ್ ಹಾಕೋದ್ರಲ್ಲಿ. ಪೇಪರ್ ಪ್ಯಾಕಿಂಗ್ ಅಲ್ಲ, ಕವರ್ ಒಳಗಿನ ತೋಡಿನಲ್ಲಿ ಕೂರೋ ರಬ್ಬರ್. ಮುಂದೆ ಒತ್ತಿದ್ರೆ ಹಿಂದೆ ಉಬ್ಬುತ್ತೆ, ಹಿಂದೆ ಒತ್ತಿದ್ರೆ ಪಕ್ಕದಲ್ಲಿ ಏಳುತ್ತೆ. ಹೇಗೋ ಪೂರ್ತಿ ಕೂರಿಸಿ, ಕವರ್‌ನ ಓರೆ ಮಾಡಿ ಫ್ರೇಮ್ ಕೆಳಗೆ ತೂರಿಸೋ ಹೊತ್ತಿಗೆ ಹಿಂದಿನ ಅಂಚು ಕಳಚಿ ಜೋತುಬೀಳುತ್ತೆ. ಬೋಲ್ಟ್ ಪೂರ್ತಿ ಟೈಟ್ ಆಗಿದೆ. ಆದ್ರೂ ಎಂಜಿನ್ ಬಿಸಿಯಾದ ಮೇಲೆ ಬಲಗಡೆ ಹಿಂದಿನ ಮೂಲೇಲಿ ಜಿನುಗಿ, ಎಂಜಿನ್ ತಂಪು ಮಾಡೋ ಫಿನ್ ಮೇಲೆ ಇಳಿದು ಸುಟ್ಟ ವಾಸನೆ ಬರ್ತಿದೆ.

ಪ್ಯಾಕಿಂಗ್ ಹೊಸದು. ಪಕ್ಕದ ಬೀದಿ ಗ್ಯಾರೇಜಲ್ಲಿ ಕೇಳಿದ್ರೆ "ಸುತ್ತಲೂ ಸಿಲಿಕೋನ್ ಎಳೀರಿ, ಕತೆ ಮುಗೀತು" ಅಂದ್ರು. ನನಗೆ ಅದು ಇಷ್ಟ ಇಲ್ಲ. ನೀವೆಲ್ಲ ಹೇಗೆ ಕೂರಿಸ್ತೀರಿ?

ಒಂಟಿಕೊಪ್ಪಲ್_ಸ್ಪ್ಯಾನರ್:
ಮೊದಲು ಒಂದು ಪ್ರಶ್ನೆ. ರಬ್ಬರನ್ನ ಪೆಟ್ರೋಲಲ್ಲಿ ತೊಳೆದ್ರಾ?

ಕುವೆಂಪುನಗರ_ಸಿಂಗಲ್:
ಇಲ್ಲ ಸರ್. ಕವರ್ ಮಾತ್ರ ಪೆಟ್ರೋಲಲ್ಲಿ ತೊಳೆದೆ. ಪ್ಯಾಕಿಂಗ್ ಪ್ಯಾಕೆಟಿಂದ ತೆಗೆದು ಹಾಗೇ ಹಾಕಿದ್ದು.

ಒಂಟಿಕೊಪ್ಪಲ್_ಸ್ಪ್ಯಾನರ್:
ಒಳ್ಳೇದು. ತುಂಬ ಜನ ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಪೆಟ್ರೋಲ್ ಕುಡಿದ ರಬ್ಬರ್ ಊದ್ಕೊಂಡು ಉದ್ದ ಆಗುತ್ತೆ, ಆಮೇಲೆ ತೋಡಿನಲ್ಲಿ ಹಿಡಿಸೋದೇ ಇಲ್ಲ. ಕವರ್‌ಗೂ ಪೆಟ್ರೋಲ್ ಹಾಕಿದ್ರೆ ಪೂರ್ತಿ ಆರಿದ ಮೇಲೇ ರಬ್ಬರ್ ಮುಟ್ಟಬೇಕು.

ನಿಮ್ಮದು ಕೂರಿಸೋ ಕ್ರಮದ ತೊಂದರೆ ಇರಬಹುದು. ಒಂದು ಕಡೆಯಿಂದ ಶುರು ಮಾಡಿ ಬೆರಳಲ್ಲಿ ಒತ್ತುತ್ತಾ ಸುತ್ತು ಬಂದ್ರೆ ರಬ್ಬರ್ ಮುಂದಕ್ಕೆ ತಳ್ಳಿಕೊಂಡು ಹೋಗಿ ಕೊನೇಲಿ ಹೆಚ್ಚಾಗಿ ಉಳಿಯುತ್ತೆ. ಹಾಗೆ ಮಾಡ್ಬೇಡಿ. ಮೊದಲು ನಾಲ್ಕು ಮೂಲೆ ಒತ್ತಿ. ಆಮೇಲೆ ಪ್ರತಿ ಬದಿಯ ಮಧ್ಯ. ಆಮೇಲೆ ಉಳಿದಿದ್ದನ್ನ ಅರ್ಧ ಅರ್ಧ ಮಾಡ್ತಾ ಹೋಗಿ. ಉಬ್ಬಿದ್ದು ಸಮವಾಗಿ ಹಂಚಿಕೊಂಡು ಕೂರುತ್ತೆ.

ಗ್ಯಾರೇಜ್_ಮಂಡ್ಯ:
ಅಣ್ಣ, ನಾನು ಗುತ್ತಲು ರೋಡಲ್ಲಿ ಗ್ಯಾರೇಜ್ ಮಡಗಿವ್ನಿ. ಸಿಲಿಕೋನ್ ಅಂದ್ರೆ ಎಲ್ರೂ ಯಾಕಿಂಗೆ ಎದುರ್ಕತೀರೋ ಗೊತ್ತಿಲ್ಲ. ಹಾಲಿನ ಕ್ಯಾನ್ ಕಟ್ಕಂಡು ಡೈರಿಗೆ ಓಗೋ ಗಾಡಿ ಬೆಳಿಗ್ಗೆ ಬತ್ತದೆ, ಸಾಯಂಕಾಲದ ಹಾಲಿಗೆ ವಾಪಸ್ ಬೇಕು ಅಂತಾರೆ. ಆ ಮಾಡಲ್ ರಬ್ಬರ್ ಮಂಡ್ಯದಲ್ಲಿ ಸಿಗ್ದೇ ಇದ್ರೆ ಮೈಸೂರಿಗೋ ಬೆಂಗಳೂರು ಜೆ.ಸಿ. ರೋಡಿಗೋ ಏಳಿ ತರುಸ್ಬೇಕು. ಅಲ್ಲಿಗಂಟ ರೈತ ಏನ್ ಮಾಡ್ಬೇಕು? ವಸಿ ಅನಾಬಾಂಡ್ ಸಿಲಿಕೋನ್ ತೆಳ್ಳಗೆ ಎಳ್ದು ಕೂರುಸ್ತೀನಿ, ನಿಂತ್ಕತದೆ.

ಗಂಗೋತ್ರಿ_ರೈಡರ್:
ನಿಮ್ಮ ಕಷ್ಟ ಅರ್ಥ ಆಗುತ್ತೆ ಅಣ್ಣ, ಆದ್ರೆ ರಬ್ಬರ್ ಇರೋ ಕಡೆ ಸುತ್ತಲೂ ಸಿಲಿಕೋನ್ ಬೇಡ ಅನ್ನೋದಕ್ಕೆ ಕಾರಣ ಇದೆ. ರಬ್ಬರ್ ಪ್ಯಾಕಿಂಗ್ ಆಯಿಲ್ ತಡೆಯೋದು ಅದುಮಿಸಿಕೊಂಡು ವಾಪಸ್ ಒತ್ತೋದ್ರಿಂದ. ಅದಕ್ಕೆ ತೋಡಿನೊಳಗೆ ಹಿಗ್ಗೋಕೆ ಜಾಗ ಬೇಕು. ಆ ಜಾಗಾನ ಸಿಲಿಕೋನ್ ತುಂಬಿದ್ರೆ ರಬ್ಬರ್ ಅದರ ಮೇಲೆ ತೇಲುತ್ತೆ, ಕೂರಲ್ಲ. ಹಸಿ ಸಿಲಿಕೋನ್ ಜಾರೋದ್ರಿಂದ ಬೋಲ್ಟ್ ಬಿಗಿಯುವಾಗ ರಬ್ಬರ್ ಪಕ್ಕಕ್ಕೆ ನುಸುಳೋದೂ ಉಂಟು.

ಇನ್ನೊಂದು, ಹೊರಗಡೆ ಎಷ್ಟು ಸಿಲಿಕೋನ್ ಹಿಂಡಿಕೊಂಡು ಬಂದಿದ್ಯೋ ಒಳಗಡೆಗೂ ಅಷ್ಟೇ ಹೋಗಿರುತ್ತೆ. ಹೊರಗಿಂದು ಒರೆಸ್ತೀವಿ. ಒಳಗಿಂದು ಒಣಗಿ, ಮಣಿ ಮಣಿಯಾಗಿ ಕಳಚಿ ಎಂಜಿನ್ ತಳದ ಸಂಪ್‌ಗೆ ಬಿದ್ದು, ಆಯಿಲ್ ಸೋಸೋ ಸ್ಟ್ರೇನರ್‌ನ ಮುಚ್ಚುತ್ತೆ. ಹೆಡ್‌ಗೆ ಆಯಿಲ್ ಏರೋದು ಸಣ್ಣ ದಾರಿಯಲ್ಲಿ. ಅದು ಕಟ್ಟಿದ್ರೆ ಮೊದಲು ಹೋಗೋದು ವಾಲ್ವ್ ತೆರೆಯೋ ಕ್ಯಾಮ್, ರಾಕರ್. ಪ್ಯಾಕಿಂಗ್ ನೂರಿನ್ನೂರು ರೂಪಾಯಿದು, ಕ್ಯಾಮ್ ಕೆಲಸ ಸಾವಿರಗಳಲ್ಲಿ.

ಗ್ಯಾರೇಜ್_ಮಂಡ್ಯ:
ಮೇಡಂ, ತೆಳ್ಳಗೆ ಅಂದ್ನಲ್ಲ. ದಪ್ಪಕ್ಕೆ ಮೆತ್ತೋರ್ನ ನಾನೂ ಬೈತೀನಿ. ಕೆಲವು ಎಂಜಿನ್‌ಗೆ ಕಂಪ್ನಿ ಮ್ಯಾನ್ಯುಯಲ್ಲೇ ಆಫ್‌ಮೂನ್ ತಾವ ಸೀಲೆಂಟ್ ಆಕು ಅಂತದೆ, ಓದಿ ನೋಡಿ.

ಗಂಗೋತ್ರಿ_ರೈಡರ್:
ಹೌದು, ಅದು ನೂರಕ್ಕೆ ನೂರು ನಿಜ. ಹೆಡ್ ಪಕ್ಕದಲ್ಲಿ ಅರ್ಧಚಂದ್ರದ ಕಟಿಂಗ್ ಇರೋ ಎಂಜಿನ್‌ಗಳಲ್ಲಿ, ಆ ವಕ್ರ ಮುಗಿದು ಸಪಾಟು ಶುರುವಾಗೋ ಮೂಲೆಗಳಿಗೆ ಒಂದೊಂದು ಬೊಟ್ಟು ಇಡ್ತಾರೆ. ಅಲ್ಲಿಗೆ ಮಾತ್ರ. ಸುತ್ತಲೂ ಎಳೆಯೋದು ಬೇರೆ ವಿಷಯ.

ಬೋಗಾದಿ_ಗೇರ್:
ಸುಟ್ಟ ವಾಸನೆ ನಿರ್ಲಕ್ಷ್ಯ ಮಾಡ್ಬೇಡಿ ಬ್ರೋ. ಸೈಲೆನ್ಸರ್ ಪೈಪ್ ಮೇಲೆ ಬಿದ್ರೆ ಹೊಗೆ, ಟೈರ್ ಮೇಲೆ ಹಾರಿದ್ರೆ ಜಾರಿಕೆ.

ಯಾದವಗಿರಿ_250:
ನಮ್ಮ ತಂದೆಯವರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರೀಲಿ ಕೆಲಸ ಮಾಡ್ತಿದ್ರು. ಅಲ್ಲಿನ ಟೂ ಸ್ಟ್ರೋಕ್ ಎಂಜಿನ್‌ಗೆ ವಾಲ್ವೂ ಇಲ್ಲ, ಟ್ಯಾಪೆಟ್ ಕವರೂ ಇಲ್ಲ, ಆದ್ರೆ ಎಡಗಡೆ ಕ್ಲಚ್ ಕವರ್ ಪ್ಯಾಕಿಂಗ್ ಇದೆಯಲ್ಲ, ಅದನ್ನ ಅವರು ಮನೆ ಜಗುಲೀಲೇ ಕತ್ತರಿಸಿಕೊಳ್ತಿದ್ರು. ಕವರ್‌ನ ಮೇಲ್ಮುಖ ಮಾಡಿ, ಪ್ಯಾಕಿಂಗ್ ಶೀಟ್ ಮೇಲಿಟ್ಟು, ಗುಂಡು ತಲೆ ಸುತ್ತಿಗೇಲಿ ಅಂಚಿನ ಮೇಲೆ ಹಗುರಾಗಿ ತಟ್ಟುತ್ತಾ ಹೋಗೋದು. ಅಂಚಿಗೆ ತಾಗಿದ ಕಡೆ ಶೀಟ್ ತಾನೇ ಕತ್ತರಿಸಿಕೊಳ್ಳುತ್ತೆ. ಮೊದಲು ಬೋಲ್ಟ್ ತೂತುಗಳನ್ನ ತಟ್ಟಿ ತೆಗೆದು ಒಂದೆರಡರಲ್ಲಿ ಸ್ಕ್ರೂ ತೂರಿಸಿಬಿಟ್ರೆ ಶೀಟ್ ಅಲ್ಲಾಡಲ್ಲ. ಜೋರಾಗಿ ಹೊಡೆದ್ರೆ ಅಲ್ಯುಮಿನಿಯಂ ಅಂಚಿಗೇ ಪೆಟ್ಟು, ಹಾಗಾಗಿ ಕೈ ತೂಕ ಗೊತ್ತಿರಬೇಕು. ಶೀಟ್ ದಪ್ಪ ಮೂಲದಷ್ಟೇ ಇರಬೇಕು ಅನ್ನೋದನ್ನ ಅವರು ಒತ್ತಿ ಹೇಳ್ತಿದ್ರು.

ಅವರ ಕಾಲದ ಗಾಡಿ ಈಗ್ಲೂ ಮನೇಲಿದೆ. ಕಿಕ್ಕೂ ಗೇರೂ ಒಂದೇ ಲಿವರಲ್ಲಿ. ನೋಡದ ಹುಡುಗರಿಗೆ ಅದೇ ಆಶ್ಚರ್ಯ.

ವಿಜಯನಗರ_ಎರಡನೇಹಂತ:
ಆಹಾ, ಆ ಸದ್ದು! ಈಗ ಮತ್ತೆ ಜಾವಾ ಬಂದಿದೆಯಲ್ಲ, ಅದೂ ಮೈಸೂರಲ್ಲೇ ತಯಾರಾಗೋದು ತಾನೆ?

ಯಾದವಗಿರಿ_250:
ಇಲ್ಲ. ಇಲ್ಲಿನ ಫ್ಯಾಕ್ಟರಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. 2018ರಲ್ಲಿ ವಾಪಸ್ ಬಂದ ಜಾವಾ ಮಧ್ಯಪ್ರದೇಶದ ಪೀತಂಪುರದ್ದು. ಹೆಸರು ಉಳೀತು, ಅಷ್ಟರಮಟ್ಟಿಗೆ ಸಂತೋಷ. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಹಳೇ ಗಾಡಿಗಳು ಸಾಲಾಗಿ ಹೊರಡೋದನ್ನ ಒಂದ್ಸಲ ನೋಡಿ, ಈ ಊರಿಗೆ ಆ ಫ್ಯಾಕ್ಟರಿ ಏನಾಗಿತ್ತು ಅಂತ ಗೊತ್ತಾಗುತ್ತೆ.

ಕಡಕೊಳ_ಶಿಫ್ಟ್:
ಮೈಸೂರಲ್ಲಿ ಗಾಡಿ ತಯಾರಿಕೆ ನಿಂತೇಹೋಯ್ತು ಅಂದ್ಕೋಬೇಡಿ. ನಂಜನಗೂಡು ರೋಡಲ್ಲಿ ಟಿವಿಎಸ್ ಪ್ಲಾಂಟ್ ನಡೀತಾನೇ ಇದೆ.

ಒಂಟಿಕೊಪ್ಪಲ್_ಸ್ಪ್ಯಾನರ್:
ಎಲ್ಲರೂ ಫ್ಯಾಕ್ಟರಿ ಗೇಟ್ ಹತ್ರ ಹೊರಟುಬಿಟ್ರಿ, ಪ್ರಶ್ನೆ ಕೇಳಿದೋರು ಅಲ್ಲೇ ಕಾಯ್ತಿದಾರೆ.

ಕುವೆಂಪುನಗರ_ಸಿಂಗಲ್, ಬೋಲ್ಟ್ ಕೆಳಗಿನ ರಬ್ಬರ್ ವಾಷರ್ ಬದಲಾಯಿಸಿದ್ರಾ? ಬೋಲ್ಟ್ ಪೂರ್ತಿ ಟೈಟ್ ಆಗಿದೆ ಅಂದ್ರಲ್ಲ, ನನಗೆ ಅನುಮಾನ ಬಂದಿದ್ದೇ ಆ ಮಾತಿಂದ.

ಕುವೆಂಪುನಗರ_ಸಿಂಗಲ್:
ಅದು ಹಳೇದೇ. ಹರಿದಿಲ್ಲ, ಚೆನ್ನಾಗೇ ಕಾಣ್ತಿತ್ತು. ಅದಕ್ಕೂ ಲೀಕ್‌ಗೂ ಸಂಬಂಧ ಇದೆಯಾ?

ಒಂಟಿಕೊಪ್ಪಲ್_ಸ್ಪ್ಯಾನರ್:
ಇರೋ ಸಂಬಂಧ ಎಲ್ಲಾ ಅದಕ್ಕೇ. ಸ್ವಲ್ಪ ಉದ್ದಕ್ಕೆ ಬರೀತೀನಿ, ಇದನ್ನ ಯಾರೂ ಹೇಳಿಕೊಡಲ್ಲ.

ಇಂಥ ಕವರ್‌ನ ಬೋಲ್ಟ್ ಮಾಮೂಲಿ ಬೋಲ್ಟ್ ಅಲ್ಲ. ಮಧ್ಯದಲ್ಲಿ ಒಂದು ಮೆಟ್ಟಿಲು ಇರುತ್ತೆ. ಬಿಗಿಯುತ್ತಾ ಹೋದ್ರೆ ಆ ಮೆಟ್ಟಿಲು ಹೆಡ್‌ಗೆ ತಾಗಿ ಅಲ್ಲಿಗೆ ನಿಲ್ಲುತ್ತೆ. ಆಮೇಲೆ ಎಷ್ಟೇ ತಿರುಗಿಸಿದ್ರೂ ಕವರ್ ಕೆಳಗಿಳಿಯಲ್ಲ. ಹಾಗಾದ್ರೆ ಕವರ್‌ನ ಒತ್ತೋದು ಯಾವುದು? ಬೋಲ್ಟ್ ತಲೆ ಕೆಳಗಿರೋ ಆ ದಪ್ಪ ರಬ್ಬರ್. ಅದು ಅದುಮಿಕೊಂಡು, ಸ್ಪ್ರಿಂಗ್ ಥರ ಕವರ್‌ನ ಕೆಳಕ್ಕೆ ತಳ್ಳುತ್ತೆ. ವರ್ಷಾನುಗಟ್ಟಲೆ ಬಿಸಿಲಲ್ಲಿ, ಎಂಜಿನ್ ಕಾವಲ್ಲಿ ಬೆಂದ ರಬ್ಬರ್ ಚಪ್ಪಟೆಯಾಗಿ ಗಟ್ಟಿಯಾಗುತ್ತೆ. ಆಗ ಸ್ಪ್ಯಾನರ್‌ಗೆ ಬೋಲ್ಟ್ ಟೈಟ್ ಅನ್ಸುತ್ತೆ, ಕವರ್ ಮಾತ್ರ ಸಡಿಲ. ಪ್ಯಾಕಿಂಗ್ ಹೊಸದು ಹಾಕಿದ್ರೂ ಜಿನುಗೋದು ಹೀಗೆ.

ಲೀಕ್ ನಿಲ್ಲಲಿಲ್ಲ ಅಂತ ಇನ್ನೂ ಬಿಗಿಯೋಕೆ ಹೋದ್ರೆ ಹೆಡ್‌ನ ಅಲ್ಯುಮಿನಿಯಂ ತ್ರೆಡ್ ಕಿತ್ಕೊಂಡು ಬರುತ್ತೆ, ಇಲ್ಲ ಬೋಲ್ಟೇ ಮುರಿಯುತ್ತೆ. 6 ಮಿ.ಮೀ. ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ನೋಡ್ಕೊಳ್ಳಿ.

ಹೊಸ ವಾಷರ್ ತಗೊಂಡ್ರೆ ಮೇಲೆ ಕೆಳಗೆ ನೋಡಿ ಹಾಕಿ. ಕೆಲವಕ್ಕೆ "ಅಪ್" ಅಂತ ಗುರುತು ಇರುತ್ತೆ, ಅದು ಮೇಲ್ಮುಖವಾಗಿ ಬರಬೇಕು.

ಬೋಗಾದಿ_ಗೇರ್:
10 ನ್ಯೂಟನ್ ಮೀಟರ್ ಅಳೆಯೋಕೆ ಟಾರ್ಕ್ ರೆಂಚ್ ಬೇಕು. ಮನೇಲಿ ಯಾರ ಹತ್ರ ಇರುತ್ತೆ? ಕೈ ಅಂದಾಜು ಸಾಕು.

ಒಂಟಿಕೊಪ್ಪಲ್_ಸ್ಪ್ಯಾನರ್:
ಅಂದಾಜು ಇರೋ ಕೈಗೆ ಸಾಕು. ಇಲ್ಲದೋರು ಉದ್ದ ರಾಡ್ ಹಾಕ್ಬೇಡಿ. ಸಣ್ಣ ಟಿ ಸ್ಪ್ಯಾನರ್ ತಗೊಂಡು, ಬೆರಳ ಹಿಡಿತದಲ್ಲಿ, ಒಂದು ಬೋಲ್ಟ್ ಸ್ವಲ್ಪ, ಎದುರಿನದ್ದು ಸ್ವಲ್ಪ, ಹೀಗೆ ಬದಲಿಸಿ ಬದಲಿಸಿ. ಮೆಟ್ಟಿಲು ತಾಗಿದ್ದು ಕೈಗೆ ತಿಳಿಯುತ್ತೆ, ಅಲ್ಲಿಗೆ ನಿಲ್ಲಿಸಿ.

ಗ್ಯಾರೇಜ್_ಮಂಡ್ಯ:
ವಾಷರ್ ವಿಚಾರ ಸರಿಯಾಗೇ ಯೋಳಿದ್ರಿ ಯಜಮಾನ್ರೆ. ನಾನು ಅಳೇ ವಾಷರ್‌ನ ಉಗುರಲ್ಲಿ ಒತ್ತಿ ನೋಡ್ತೀನಿ. ಉಗುರು ಇಳೀನಿಲ್ಲ ಅಂದ್ರೆ ಎಸ್ದುಬುಡೋದೇಯ. ಇನ್ನೊಂದು ನೋಡ್ಬೇಕು, ಬ್ರೀದರ್ ಪೈಪು. ಕೆಸರೋ ಧೂಳೋ ಕಟ್ಕಂಡು ಮುಚ್ಚೋಗಿದ್ರೆ, ಇಲ್ಲ ಟ್ಯಾಂಕ್ ಕೂರುಸೋವಾಗ ಮಡಚ್ಕಂಡಿದ್ರೆ, ಎಂಜಿನ್ ಒಳಗೆ ಪ್ರೆಶರ್ ಆಗಿ ಎಲ್ಲಿ ಸಂದು ಸಿಕ್ತದೋ ಅಲ್ಲಿ ಆಯಿಲ್ ತಳ್ತದೆ. ಕಬ್ಬಿನ ಗದ್ದೆ ದಾರೀಲಿ ಓಡಾಡೋ ಗಾಡೀಲಿ ಇದನ್ನ ಬೇಕಾದಷ್ಟು ನೋಡಿವ್ನಿ. ಪೈಪ್ ಬಿಚ್ಚಿ ಬಾಯಲ್ಲಿ ಊದಿ ನೋಡಿ ಅಣ್ಣ.

ಗಂಗೋತ್ರಿ_ರೈಡರ್:
ಲೀಕ್ ನಿಜವಾಗ್ಲೂ ಕವರಿಂದಲೇನಾ ಅಂತ ಖಾತ್ರಿ ಮಾಡ್ಕೊಂಡ್ರಾ? ಬಲಗಡೆ ಹಿಂದೆ ಅಂದ್ರಿ. ಎಷ್ಟೋ ಎಂಜಿನ್‌ಗಳಲ್ಲಿ ಕ್ಯಾಮ್ ಚೈನ್ ಬಿಗಿಯಾಗಿ ಇಡೋ ಟೆನ್ಷನರ್ ಸಿಲಿಂಡರ್ ಹಿಂಭಾಗದಲ್ಲೇ ಇರುತ್ತೆ, ಅದಕ್ಕೂ ಸಣ್ಣ ಪ್ಯಾಕಿಂಗ್ ಇದೆ. ಓಡೋವಾಗ ಗಾಳಿ ಆಯಿಲನ್ನ ಹಿಂದಕ್ಕೆ ತಳ್ಳುತ್ತೆ, ಒದ್ದೆ ಕಾಣೋ ಜಾಗ ಬೇರೆ, ಸೋರೋ ಜಾಗ ಬೇರೆ. ಪೂರ್ತಿ ಒರೆಸಿ, ಒಣಗಿಸಿ, ಮುಖಕ್ಕೆ ಹಾಕೋ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಸಿಯಾಗೋಕೆ ಬಿಡಿ. ಬಿಳಿ ಪುಡಿ ಮೇಲೆ ಗೆರೆ ಎಲ್ಲಿಂದ ಶುರುವಾಗುತ್ತೋ ಅದೇ ಜಾಗ.

ಕುವೆಂಪುನಗರ_ಸಿಂಗಲ್:
ಪೌಡರ್ ಹಾಕಿ ನೋಡಿದೆ ಮೇಡಂ. ಟೆನ್ಷನರ್ ಒಣಗಿದೆ. ಗೆರೆ ಕವರ್ ಅಂಚಿಂದಲೇ ಇಳೀತಿದೆ. ಬ್ರೀದರ್ ಪೈಪ್ ಊದಿದೆ, ಗಾಳಿ ಸರಾಗವಾಗಿ ಹೋಗ್ತಿದೆ. ಇನ್ನು ಕವರ್ ಮತ್ತೆ ಬಿಚ್ಚಿ ವಾಷರ್ ನೋಡ್ತೀನಿ. ತೂರಿಸೋವಾಗ ಹಿಂದಿನ ಅಂಚು ಬೀಳದೇ ಇರೋಕೆ ಗ್ರೀಸ್ ಹಚ್ಚಬಹುದಾ?

ವಿಜಯನಗರ_ಎರಡನೇಹಂತ:
ಹಚ್ಚಿ, ನಾನು ಹಾಗೇ ಮಾಡೋದು. ತೆಳ್ಳಗೆ ಗ್ರೀಸ್ ಹಚ್ಚಿದ್ರೆ ರಬ್ಬರ್ ತೋಡಿಗೆ ಅಂಟಿಕೊಂಡು ಕೂರುತ್ತೆ.

ಗಂಗೋತ್ರಿ_ರೈಡರ್:
ತೋಡಿನೊಳಗೆ, ಕವರ್ ಕಡೆ ಮಾತ್ರ, ಅಲ್ಲಲ್ಲಿ ಒಂದು ಚುಕ್ಕೆ. ಹೆಡ್‌ಗೆ ತಾಗೋ ಮುಖ ಒಣಗೇ ಇರಬೇಕು. ಅಲ್ಲಿ ಗ್ರೀಸೋ ಆಯಿಲೋ ಇದ್ರೆ ಬಿಗಿಯುವಾಗ ರಬ್ಬರ್ ಜಾರುತ್ತೆ.

ಗ್ಯಾರೇಜ್_ಮಂಡ್ಯ:
ನನ್ನ ಕೇಳಿದ್ರೆ ಗ್ರೀಸ್ಗಿಂತ ಅನಾಬಾಂಡ್ ಚುಕ್ಕೇನೇ ವಾಸಿ, ಕವರ್ ಕಡೀಕೆ. ಇಟ್ಟು, ಆರೋಗಂಟ ಬುಟ್ಟು, ಆಮೇಲೆ ತೂರ್ಸಿ. ಗ್ರೀಸು ಬಿಸೀಗೆ ಕರಗೋಯ್ತದೆ.

ಗಂಗೋತ್ರಿ_ರೈಡರ್:
ಕರಗೋ ಹೊತ್ತಿಗೆ ಕವರ್ ಬಿಗಿದಾಗಿರುತ್ತೆ ಅಣ್ಣ, ಗ್ರೀಸ್ ಕೆಲಸ ಅಲ್ಲಿಗೆ ಮುಗೀತು. ಮುಂದಿನ ಸಲ ಬಿಚ್ಚೋವಾಗ ಕೆರೆಯೋ ಕೆಲಸ ಇರಲ್ಲ. ಆದ್ರೂ ಆರಿದ ಮೇಲೆ ತೂರಿಸೋ ನಿಮ್ಮ ಕ್ರಮ, ಹಸಿ ಸಿಲಿಕೋನ್ ಮೆತ್ತಿ ಅದುಮೋದಕ್ಕಿಂತ ಎಷ್ಟೋ ಮೇಲು.

ಯಾದವಗಿರಿ_250:
ತೆಳು ಹೊಲಿಗೆ ದಾರದಲ್ಲಿ ಕಟ್ಟೋದೂ ಉಂಟು, ಹಳಬರ ಕ್ರಮ. ಕವರ್ ಜಾಗಕ್ಕೆ ಬಂದ ಮೇಲೆ, ಬೋಲ್ಟ್ ಬಿಗಿಯೋ ಮುಂಚೆ ಕತ್ತರಿಸಿ ಎಳೆದುಬಿಡಬೇಕು. ಒಳಗೆ ಎಳೆ ಉಳಿಯಬಾರದು.

ಸರ್ವಿಸ್‌ರೋಡ್_ರೈಡರ್:
ನಾನು ದಿನಾ ಮಂಡ್ಯ ಮೈಸೂರು ಓಡಾಡೋನು. ಟ್ಯಾಂಕ್ ಬಿಚ್ಚಿದ್ರಾ? ಬಿಚ್ಚದೇ ಮಾಡೋಕೆ ಹೋದ್ರೆ ಹಿಂದಿನ ಅಂಚು ಕಾಣೋದೇ ಇಲ್ಲ. ನಾನು ಮೊಬೈಲ್ ಕ್ಯಾಮೆರಾ ವಿಡಿಯೋ ಆನ್ ಮಾಡಿ ಸಂದೀಲಿ ಹಿಡಿದು ಸುತ್ತಲೂ ನೋಡಿದ ಮೇಲೇ ಬೋಲ್ಟ್ ಬಿಗಿಯೋದು. ರಬ್ಬರ್ ಎಲ್ಲಾದ್ರೂ ಮಡಚಿಕೊಂಡಿದ್ರೆ ತಕ್ಷಣ ಕಾಣುತ್ತೆ.

ಬೋಗಾದಿ_ಗೇರ್:
ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರೋಡಲ್ಲೇ ಪೂರ್ತಿ ಹೋಗ್ತೀರಾ?

ಸರ್ವಿಸ್‌ರೋಡ್_ರೈಡರ್:
ಬೇರೆ ದಾರಿ ಎಲ್ಲಿದೆ? 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶ ಇಲ್ಲ. ಕಬ್ಬಿನ ಲೋಡ್ ಟ್ರ್ಯಾಕ್ಟರ್, ಬಸ್ಸು, ನಾವು ಎಲ್ಲ ಕೆಳಗಡೆ. ಕಬ್ಬು ಕಡಿಯೋ ಕಾಲದಲ್ಲಿ ಫಸ್ಟ್ ಗೇರ್, ಸೆಕೆಂಡ್ ಗೇರ್‌ನಲ್ಲೇ ಅರ್ಧ ದಾರಿ. ಏರ್‌ಕೂಲ್ಡ್ ಎಂಜಿನ್‌ಗೆ ಗಾಳಿ ಸಿಗದೇ ಕಾದು ರಬ್ಬರ್ ಎಲ್ಲ ಬೇಗ ಗಟ್ಟಿಯಾಗುತ್ತೆ. ಬೈಕ್‌ನೋರಿಗೆ ಸರಿಯಾದ ದಾರಿ ಬೇಕು, ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

ಗ್ಯಾರೇಜ್_ಮಂಡ್ಯ:
ದಿಟ ಕಣಣ್ಣ.

ಕಡಕೊಳ_ಶಿಫ್ಟ್:
ಕ್ಲಿಯರೆನ್ಸ್ ಬಗ್ಗೆ ಒಂದು ಮಾತು, ಮುಂದೆ ಓದೋರಿಗೆ. ಎಂಜಿನ್ ತಣ್ಣಗಿದ್ದಾಗಲೇ ಅಳೀಬೇಕು. ಕೆಲವು ಮ್ಯಾನ್ಯುಯಲ್‌ಗಳಲ್ಲಿ 35 ಡಿಗ್ರಿಗಿಂತ ಕಮ್ಮಿ ಅಂತಲೇ ಇರುತ್ತೆ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಮಾಡದಿದ್ರೂ ಅದಕ್ಕಿಂತ ಬಿಸಿ ಇರುತ್ತೆ. ರಾತ್ರಿ ನೆರಳಲ್ಲಿ ನಿಲ್ಲಿಸಿ, ಬೆಳಿಗ್ಗೆ ಕಾಫಿಗೂ ಮುಂಚೆ ಮಾಡಿ.

ಕುವೆಂಪುನಗರ_ಸಿಂಗಲ್:
ಬಿಚ್ಚಿ ನೋಡಿದೆ. ಎರಡು ವಿಷಯ ಸಿಕ್ಕಿತು.

ಒಂದು, ವಾಷರ್. ಉಗುರಲ್ಲಿ ಒತ್ತಿದೆ, ಇಳೀಲೇ ಇಲ್ಲ. ಹೊಸದರ ಪಕ್ಕ ಇಟ್ಟರೆ ದಪ್ಪದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಎರಡನೇದು ಇನ್ನೂ ಮುಖ್ಯ. ಕವರ್ ತೋಡಿನ ಹಿಂದಿನ ಮೂಲೇಲಿ ಹಳೇ ಸಿಲಿಕೋನ್ ಗಟ್ಟಿಯಾಗಿ ಕೂತಿತ್ತು. ಗಾಡಿ ನಾನು ತಗೊಳ್ಳೋ ಮುಂಚೆ ಯಾರೋ ಹಾಕಿದ್ದು. ಆಯಿಲ್ ಕುಡಿದು ಕಪ್ಪಾಗಿ ಲೋಹದ ಬಣ್ಣಕ್ಕೇ ತಿರುಗಿದ್ದರಿಂದ, ಟಾರ್ಚ್ ಬಿಟ್ಟು ಬಿದಿರು ಕಡ್ಡೀಲಿ ಕೆರೆದಾಗಲೇ ಗೊತ್ತಾಗಿದ್ದು. ಅಲ್ಲಿ ತೋಡಿನ ಆಳ ಅರ್ಧ ಮುಚ್ಚಿಹೋಗಿತ್ತು. ರಬ್ಬರ್ ಕೂರೋಕೆ ಜಾಗವೇ ಇರಲಿಲ್ಲ, ಎಲ್ಲಿ ಒತ್ತಿದ್ರೂ ಇನ್ನೊಂದು ಕಡೆ ಏಳ್ತಿದ್ದದ್ದು ಅದಕ್ಕೇ. ಗಂಗೋತ್ರಿ ಮೇಡಂ ಹೇಳಿದ್ದು ಕಣ್ಣಾರೆ ನೋಡ್ದಂಗಾಯ್ತು.

ಎಲ್ಲ ಕೆರೆದು, ಪೆಟ್ರೋಲಲ್ಲಿ ಒರೆಸಿ, ಆರಿಸಿ, ಮೂಲೆ, ಮಧ್ಯ, ಅರ್ಧ ಅರ್ಧ ಅನ್ನೋ ಕ್ರಮದಲ್ಲಿ ಒತ್ತಿದೆ. ಸಲೀಸಾಗಿ ಕೂತುಬಿಡ್ತು. ಹಿಂದಿನ ಅಂಚಿಗೆ ಗ್ರೀಸ್ ಚುಕ್ಕೆ, ಮೊಬೈಲಲ್ಲಿ ನೋಡ್ಕೊಂಡು, ಹೊಸ ವಾಷರ್ ಹಾಕಿ ಬಿಗಿದೆ. ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದೆ. ಒಣಗಿದೆ. ಎಲ್ಲರಿಗೂ ತುಂಬ ಧನ್ಯವಾದ.

ಒಂಟಿಕೊಪ್ಪಲ್_ಸ್ಪ್ಯಾನರ್:
ತುಂಬ ಸಂತೋಷ. ಒಂದು ವಾರ ಓಡಿಸಿ ಇನ್ನೊಂದ್ಸಲ ನೋಡಿ, ಆದ್ರೆ ಬೋಲ್ಟ್ ಮತ್ತೆ ಬಿಗಿಯೋಕೆ ಹೋಗ್ಬೇಡಿ. ಆಯಿಲ್ ಲೆವೆಲ್ ಮಾತ್ರ ಚೆಕ್ ಮಾಡಿ, ಜಿನುಗಿ ಕಮ್ಮಿಯಾಗಿರುತ್ತೆ.

ಗ್ಯಾರೇಜ್_ಮಂಡ್ಯ:
ಒಳ್ಳೇ ಕೆಲ್ಸ ಮಾಡಿದ್ರಿ ಅಣ್ಣ. ಆಯಿಲ್ ಸ್ಟ್ರೇನರ್ರೂ ಒಂದ್ಸಲ ಬಿಚ್ಚಿ ನೋಡಿ. ಮೇಲೆ ಅಷ್ಟು ಸಿಲಿಕೋನ್ ಇದ್ದದ್ದು ಕೆಳಗೂ ಬಿದ್ದಿರ್ತದೆ.

ಹೂಟಗಳ್ಳಿ_ಹೊಸಬ:
ಇಲ್ಲೇ ಕೇಳ್ತೀನಿ. ನನ್ನದು ಕ್ಲಚ್ ಕವರ್, ಪೇಪರ್ ಪ್ಯಾಕಿಂಗ್. ಅರ್ಧ ಕವರ್‌ಗೆ, ಅರ್ಧ ಎಂಜಿನ್‌ಗೆ ಕಚ್ಕೊಂಡಿದೆ. ಸ್ಕ್ರೂಡ್ರೈವರಲ್ಲಿ ಕೆರೆಯಬಹುದಾ?

ಯಾದವಗಿರಿ_250:
ದಯವಿಟ್ಟು ಬೇಡ. ಅಲ್ಯುಮಿನಿಯಂ ಮೇಲೆ ಒಂದು ಗೀರು ಬಿದ್ರೆ ಅಲ್ಲಿಂದಲೇ ಜೀವನಪೂರ್ತಿ ಜಿನುಗುತ್ತೆ. ಮೊದಲು ಒಳಗಡೆ ಕ್ಲಚ್ ಮೇಲೆ ಬಟ್ಟೆ ಮುಚ್ಚಿ, ಚೂರು ಒಳಗೆ ಬೀಳಬಾರದು. ಪ್ಯಾಕಿಂಗ್ ಮೇಲೆ ಗ್ಯಾಸ್ಕೆಟ್ ರಿಮೂವರ್ ಹಾಕಿ ನೆನೆಯೋಕೆ ಬಿಡಿ, ಆಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯಿರಿ. ಉಳಿದದ್ದಕ್ಕೆ ಹೊಸ ಬ್ಲೇಡ್, ಆದಷ್ಟು ಮಲಗಿಸಿ ಹಿಡಿದು. ಕವರ್ ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರುತ್ತೆ, ರಟ್ಟಿನ ಮೇಲೆ ಕವರ್ ಆಕಾರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ.

ಗ್ಯಾರೇಜ್_ಮಂಡ್ಯ:
ಎರಡು ಡೋವೆಲ್ ಪಿನ್ ಇರ್ತವೆ, ಎರಡೂ ಅವ್ಯಾ ನೋಡ್ಕಳಿ. ಒಂದು ಕವರ್ ಜೊತೆಗೇ ಬಂದು ಕೆಳೀಕೆ ಬಿದ್ದೋಗಿರ್ತದೆ. ಅದಿಲ್ದೆ ಕೂರುಸುದ್ರೆ ಕವರ್ ಅಳ್ಳಾಡ್ತದೆ, ಪೇಪರ್ ಅರೀತದೆ.

ಹೂಟಗಳ್ಳಿ_ಹೊಸಬ:
ಒಂದು ಎಂಜಿನ್‌ನಲ್ಲೇ ಇದೆ, ಇನ್ನೊಂದು ಆಯಿಲ್ ಟ್ರೇನಲ್ಲಿ ಸಿಕ್ಕಿತು. ಥ್ಯಾಂಕ್ಸ್ ಅಣ್ಣ, ರಿಮೂವರ್ ತರೋಕೆ ಹೊರಟೆ.